ಕುಲುಮೆಗೆ ಮತ್ತೆ ಗಾಳಿ ಬಂತು

ನಮ್ಮ ಕಮ್ಮಾರಸಾಲೆಯ ಒಲೆಗೆ ಗಾಳಿ ಊದುವ ಹಳೇ ಕೈ ಬ್ಲೋವರ್ ಮತ್ತೆ ತಿರುಗುತ್ತಿದೆ. ಅಜ್ಜನ ಕಾಲದ್ದು. ಕತ್ತಿ ಹದ ಮಾಡಿಸಲು ದೊಡ್ಡವರ ಜೊತೆ ಬಂದ ಮಕ್ಕಳಲ್ಲಿ ಅದರ ಹಿಡಿಕೆ ತಿರುಗಿಸದವರು ಕಡಿಮೆ. ಅಪ್ಪ ಆಸ್ಪತ್ರೆ ಸೇರಿ ಬಂದದ್ದು ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

"ಸುಮ್ನೆ ಕರೆಂಟಿನದ್ದು ತಗೊ" ಅಂದವರೇ ಜಾಸ್ತಿ. ಅವರು ಹೇಳಿದ್ದು ತಪ್ಪಲ್ಲ. ಆದರೆ ಅದು ಕಬ್ಬಿಣ ಒಲೆಯಲ್ಲಿರಲಿ, ಬಡಿಯುವ ಅಡಿಗಲ್ಲಿನ ಮೇಲಿರಲಿ, ಊದುತ್ತಲೇ ಇರುತ್ತದೆ. ಇದ್ದಿಲು ದಂಡ. ಶಿರಸಿಯ ಮಳೆಗಾಲದ ಕರೆಂಟಿನ ಕಥೆಯಂತೂ ಕೇಳಲೇಬೇಡಿ. ಇನ್ನೊಂದು ಕಾರಣವೂ ಇತ್ತು. ಅಪ್ಪನ ಬಲಗೈ ಇನ್ನು ಸುತ್ತಿಗೆ ಎತ್ತುವುದಿಲ್ಲ. ಎಡಗೈ ಹಿಡಿಕೆ ತಿರುಗಿಸಬಲ್ಲದು.

ಬೇರಿಂಗಿನ ಗುಂಡು ಹುಡುಕಿಕೊಟ್ಟ ಸೈಕಲ್ ಶಾಪಿನ ಅಣ್ಣ, ಗಟ್ಟಿಯಾಗಿ ಕೂತಿದ್ದ ಹಳೇ ಆಯಿಲನ್ನು ಸೀಮೆಎಣ್ಣೆಯಲ್ಲಿ ತೊಳೆದ ತಮ್ಮಂದಿರು, ಹಲಸಿನ ಕಟ್ಟಿಗೆಯ ಹಿಡಿ ಮಾಡಿಕೊಟ್ಟ ದೊಡ್ಡಪ್ಪನ ಮಗ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಇನ್ನು ವೆಲ್ಡಿಂಗ್ ಚಾಚಾ.

ಮೊದಲು ರಿಪೇರಿಗೆ ಕೊಟ್ಟ ಕಡೆ, ಬಿಗಿದಿದ್ದ ಶಾಫ್ಟನ್ನು ಬಡಿದು ಗೇರ್ ಬಾಕ್ಸಿನ ಹೊರಚಾಚಿದ ಕಿವಿ ಸೀಳಿಸಿದ್ದರು. ಬೀಡು ಕಬ್ಬಿಣ ಅಲ್ವಾ, ಬಗ್ಗುವುದಿಲ್ಲ, ಒಡೆಯುತ್ತದೆ. "ಇದಕ್ಕೆ ಕರೆಂಟ್ ವೆಲ್ಡಿಂಗ್ ಬೇಡ, ಹಿತ್ತಾಳೆ ಹಾಕ್ತೇನೆ" ಅಂದರು ಚಾಚಾ. ಸೀಳು ಮುಂದೆ ಓಡದ ಹಾಗೆ ಅದರ ತುದಿಗೆ ಸಣ್ಣ ತೂತು ಹಾಕಿದರು. ಸೀಳಿನ ಬಾಯಿ ಅಗಲ ಮಾಡಿದರು. ಇಡೀ ಪೆಟ್ಟಿಗೆಯನ್ನು ಮಂದ ಕೆಂಪಾಗುವವರೆಗೆ ಇದ್ದಿಲಿನಲ್ಲಿ ಕಾಯಿಸಿದರು. ಆಮೇಲೆ ಗ್ಯಾಸು, ಬೆಸುಗೆಗೆ ಹಾಕುವ ಬಿಳಿಗಾರ, ಹಿತ್ತಾಳೆ ಕಡ್ಡಿ. ಕರಗಿದ ಹಿತ್ತಾಳೆ ಸೀಳಿನ ಉದ್ದಕ್ಕೂ ಸರಸರ ಹರಿದು ಒಳಗೆ ಇಳಿಯಿತು.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಬೀಡು ಬೇಗ ಆರಿದರೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಆಚೆ ಮನೆಯಲ್ಲಿ ಅಡಿಕೆ ಬೇಯಿಸುತ್ತಿದ್ದರು. ಆ ಒಲೆಯ ಬಿಸಿ ಬೂದಿಯನ್ನು ಬಾಂಡ್ಲಿಯಲ್ಲಿ ತಂದು ಪೆಟ್ಟಿಗೆಯನ್ನು ಹೂತೆವು. ನಾನು ಕೆದಕಲು ಹೋದರೆ "ಮುಟ್ಟಬೇಡ ಮಾರಾಯ, ಮಲಗಲಿ ಅದು" ಅಂದರು. ಮನೆಗೆ ಫೋನ್ ಮಾಡಿ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿ ಗೋಣಿಚೀಲದ ಮೇಲೆ ಕೂತೇಬಿಟ್ಟರು. ಒಮ್ಮೆ "ಟಣ್" ಅಂದರೆ ಎಲ್ಲ ಮುಗಿಯಿತು. ಇಬ್ಬರೂ ಕಿವಿ ಅಲ್ಲೇ ಇಟ್ಟಿದ್ದೆವು.

ನಡುರಾತ್ರಿ ನನಗೆ ತಡೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ಅಳದವನು ಬೂದಿ ಗುಡ್ಡೆಯ ಮುಂದೆ ಕೂತು ಅತ್ತೆ. "ಅಪ್ಪ ಇನ್ನು ಸಾಲೆಗೆ ಬರ್ತಾರಾ ಚಾಚಾ?" ಅಂತ ಕೇಳಿದೆ. ಬರ್ತಾರೆ ಅಂತ ಅವರು ಬಾಯಿಮಾತಿಗೂ ಹೇಳಲಿಲ್ಲ. ತಾವು ಶಿರಸಿಗೆ ಬಂದ ಹೊಸತರಲ್ಲಿ, ಕೈಯಲ್ಲಿ ಕಾಸಿಲ್ಲದಾಗ, ಅಪ್ಪ ಸುತ್ತಿಗೆ, ಉಳಿ ಮಾಡಿಕೊಟ್ಟದ್ದನ್ನು ಹೇಳತೊಡಗಿದರು. ದುಡ್ಡು ಅಪ್ಪ ಕೇಳಲೇ ಇಲ್ಲವಂತೆ. ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ. ಕೇಳುತ್ತ ಕೇಳುತ್ತ ನನ್ನ ಅಳು ನಿಂತಿತ್ತು.

ಬೆಳಿಗ್ಗೆ ಬೂದಿ ಸರಿಸಿದಾಗ ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು. ಹೊಸ ಬಿರುಕು ಇರಲಿಲ್ಲ. ಕೂಲಿ ಕೊಡಲು ಹೋದರೆ, "ನಂದು ನಿನ್ನಪ್ಪ ಆಚಾರರ ಹತ್ರ ಬೇರೆ ಲೆಕ್ಕ ಇದೆ" ಅಂತ ಗಾಡಿ ಹತ್ತಿದರು.

ಈಗ ಅಪ್ಪ ಸ್ಟೂಲ್ ಮೇಲೆ ಕೂತು ಹಿಡಿಕೆ ತಿರುಗಿಸುತ್ತಾರೆ, ನಾನು ಬಡಿಯುತ್ತೇನೆ. ಗಾಳಿ ಜಾಸ್ತಿ ಆಯ್ತು ಅಂತ ನಾನು ಹೇಳುವ ಹಾಗಿಲ್ಲ. ಗೇರ್ ಬಾಕ್ಸ್ ಸ್ವಲ್ಪ ಆಯಿಲ್ ಒಸರುತ್ತದೆ, ಈ ಜಾತಿ ಯಂತ್ರದ ಗುಣವೇ ಅದು. ಅಡಿಕೆ ಸುಲಿಯುವ ಕತ್ತಿ ಕೊಟ್ಟು ಕಾದವರು ಈ ವಾರ ಬನ್ನಿ, ಮೊದಲು ನಿಮ್ಮದೇ. ಚಾಚಾ ಮೊಬೈಲಿನಲ್ಲಿ ಓದುವವರಲ್ಲ. ಅವರ ಅಂಗಡಿ ಕಡೆ ಹೋಗುವವರು ಇದನ್ನು ಓದಿ ಹೇಳಿ.