ಮಕ್ಕಳನ್ನು ವೇದಿಕೆ ಹತ್ತಿಸುವ ಮುಂಚೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು.

ನೀನು ಸಂಗೀತ ಕಲಿಸುವ ಮಕ್ಕಳ ಕಾರ್ಯಕ್ರಮಕ್ಕೆ ಇನ್ನೂ ಒಂದು ತಿಂಗಳಿದೆ, ಅವರು ಈಗಲೇ ನಡುಗುತ್ತಿದ್ದಾರೆ ಅಂತ ಬರೆದಿದ್ದೀಯ. ದಯವಿಟ್ಟು "ಹೆದರಬೇಡಿ" ಅನ್ನಬೇಡ. ಹಾಗಂದ ಕೂಡಲೇ ಹೆದರಲು ಏನೋ ಇದೆ ಅಂತ ಅವರಿಗೆ ಖಾತ್ರಿಯಾಗುತ್ತದೆ. ಬದಲಿಗೆ ಮೈಯಲ್ಲಿ ಏನಾಗುತ್ತದೆ ಅಂತ ಮೊದಲೇ ಹೇಳಿಬಿಡು. ಭಯವಾದಾಗ ಮೈಯಲ್ಲಿ ಹುಟ್ಟುವ ಅಡ್ರಿನಲಿನ್ ಅನ್ನುವ ಹಾರ್ಮೋನ್ ಏರಿದಾಗ ಎದೆ ಬಡಿದುಕೊಳ್ಳುತ್ತದೆ, ಬೆರಳು ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ. ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ ವಾದ್ಯ) ನುಡಿಸುತ್ತಿದ್ದ ಪಾಬ್ಲೊ ಕಸಾಲ್ಸ್‌ರಂಥವರನ್ನೇ ಈ ಭಯ ಕೊನೆಯವರೆಗೂ ಬಿಡಲಿಲ್ಲ. ಪಿಯಾನೊ ವಾದಕ ಹೊರೊವಿಟ್ಜ್ 1953ರಿಂದ 1965ರವರೆಗೆ ಜನರ ಮುಂದೆ ಕಛೇರಿಯನ್ನೇ ಕೊಡಲಿಲ್ಲ. ಅದನ್ನು ಮಾತ್ರ ಮಕ್ಕಳಿಗೆ ಹೇಳಬೇಡ!

ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಾಡುವ ಮುಂಚೆ "ನನಗೆ ಉತ್ಸಾಹ ಬಂದಿದೆ" ಅಂದುಕೊಂಡವರು, "ನನಗೆ ಆತಂಕ" ಅಂದವರಿಗಿಂತ ಚೆನ್ನಾಗಿ ಹಾಡಿದರಂತೆ. ಖರ್ಚಿಲ್ಲದ ಉಪಾಯ, ನೋಡು.

ಆದರೆ ಇದೆಲ್ಲ ಮೇಲಿನ ಮಾತು. ನನ್ನ ಪ್ರಕಾರ ಮಕ್ಕಳನ್ನು ಹೆಚ್ಚು ಹೆದರಿಸುವುದು ಜನ ಅಲ್ಲ, "ನಡುವೆ ಮರೆತರೆ?" ಅನ್ನುವ ಪ್ರಶ್ನೆ. ನಾವು ಹಾಡನ್ನು ಕಲಿಸುತ್ತೇವೆ, ತಪ್ಪಿದ ಮೇಲೆ ಮುಂದೆ ಹೋಗುವುದನ್ನು ಕಲಿಸುವುದಿಲ್ಲ. ದಿನಾ ಮೊದಲಿನಿಂದಲೇ ಶುರುಮಾಡಿ ರೂಢಿಯಾದ ಮಗು, ಎಡವಿದ ಕೂಡಲೇ ಮತ್ತೆ ಮೊದಲಿಗೇ ಓಡುತ್ತದೆ. ಬೇರೆ ಬಾಗಿಲೇ ಅದಕ್ಕೆ ಗೊತ್ತಿರುವುದಿಲ್ಲ ಅಲ್ವಾ? ಹಾಗಾಗಿ ಹಾಡಿನಲ್ಲಿ ನಾಲ್ಕೈದು ಜಾಗ ಗುರುತು ಮಾಡಿಕೊಡು. ಪಾಠದ ನಡುವೆ ಇದ್ದಕ್ಕಿದ್ದಂತೆ "ಮೂರನೇ ಗುರುತಿನಿಂದ" ಅನ್ನು. ಕೊನೆಯ ಗುರುತಿನಿಂದ ಶುರುಮಾಡಿ, ಒಂದೊಂದೇ ಗುರುತು ಹಿಂದಕ್ಕೆ ಬರುತ್ತಲೂ ಮಾಡಿಸು. ಬೇಕಂತಲೇ ಒಂದು ಸ್ವರ ತಪ್ಪಿಸಿ, ಮುಖ ಕಿವುಚದೆ, ಲಯ ಬಿಡದೆ ಮುಂದಿನ ಗುರುತಿಗೆ ಜಿಗಿಯುವ ಆಟ ಆಡಿಸು. ಮಕ್ಕಳಿಗೆ ಇದು ಬಲು ಇಷ್ಟವಾಗುತ್ತದೆ. ಕೇಳುವವರಲ್ಲಿ ಎಷ್ಟೋ ಜನಕ್ಕೆ ತಪ್ಪು ಗೊತ್ತಾಗುವುದೇ ಮಗು ನಿಲ್ಲಿಸಿದಾಗ.

ನಡೆದು ಬರುವುದು, ಕೂರುವುದು, ವಾದ್ಯ ಸರಿಮಾಡಿಕೊಳ್ಳುವುದು, ಕೊನೆಗೆ ನಮಸ್ಕರಿಸುವುದು, ಇದನ್ನೂ ಪ್ರಾಕ್ಟೀಸ್ ಮಾಡಿಸು. ಅವತ್ತು ಹಾಕುವ ಬಟ್ಟೆಯಲ್ಲೇ ಒಮ್ಮೆ ನುಡಿಸಲಿ. ಬಿಗಿಯಾದ ತೋಳು ಸುಮ್ನೆ ಕಾಟ ಕೊಡುತ್ತದೆ. ಗಾಬರಿಯಲ್ಲಿ ವೇಗ ಏರುತ್ತದೆ. ಶುರುಮಾಡುವ ಮುಂಚೆ ಹಾಡಿನ ಕಷ್ಟದ ಸಾಲನ್ನು ಮನಸ್ಸಲ್ಲೇ ಗುನುಗಿ, ಅದೇ ವೇಗ ಹಿಡಿಯಲು ಹೇಳು.

ಬಾಯಿಪಾಠದ ಹಟ ಬೇಡ. ಸ್ವರದ ಪುಸ್ತಕ ನೋಡದೆ ನುಡಿಸುವ ಪದ್ಧತಿ ಪಿಯಾನೊದವರಲ್ಲಿ ಬೇರೂರಿದ್ದೇ 19ನೇ ಶತಮಾನದಲ್ಲಿ, ಕ್ಲಾರಾ ಶುಮನ್, ಲಿಸ್ಟ್ ಮುಂತಾದವರಿಂದ. ಪುಸ್ತಕ ಎದುರಿಗಿದ್ದರೆ ಮಗುವಿಗೆ ನೆಮ್ಮದಿ ಅಂದರೆ ಇರಲಿ ಬಿಡು. ಹಾಡು ಮಾತ್ರ ತಿಂಗಳುಗಳ ಹಿಂದೆಯೇ ಕೈಗೆ ಕೂತಿದ್ದಾಗಿರಲಿ. ಮೊನ್ನೆ ಕಲಿತದ್ದು ಬೇಡ, ಅದು ಎಷ್ಟೇ ಚೆಂದ ಇದ್ದರೂ.

ಅಪ್ಪ ಅಮ್ಮಂದಿರಿಗೂ ಒಂದು ಮಾತು ಹೇಳು: ಮುಂದಿನ ಸಾಲಲ್ಲಿ ಕೂತು ತುಟಿ ಆಡಿಸುವುದು ಬೇಡ. ನೀನೂ ಅಷ್ಟೇ. ತಪ್ಪಿದಾಗ ಮಗು ಮೊದಲು ನೋಡುವುದು ನಿನ್ನ ಮುಖವನ್ನು. ಇಳಿದು ಬಂದ ಕೂಡಲೇ ತಪ್ಪಿನ ಲೆಕ್ಕ ತೆಗೆಯಬೇಡ, ಅದಕ್ಕೆ ಮುಂದಿನ ಪಾಠ ಇದೆ.

ಯಾರ ನಂತರ ಯಾರು ಅನ್ನುವ ಪಟ್ಟಿ ಕಳಿಸು, ನೋಡುತ್ತೇನೆ. ಚಿಕ್ಕವರನ್ನು ಕೊನೆಗೆ ಹಾಕಿದ್ದರೆ ಈಗಲೇ ಬದಲಿಸು. ಕಾದು ಕೂತಷ್ಟೂ ಅವರಿಗೆ ಭಯ ಜಾಸ್ತಿ.

ಇಂತಿ,
ನಿನ್ನ ದೊಡ್ಡಮ್ಮ