ಅವ್ವನ ಗುಳಿಗೆ ನಿಲ್ಲಿಸಬೇಡಿ

ಗ್ಲಾಸ್ಗೋ
ನವೆಂಬರ್ 24

ತೀರ್ಥರೂಪರಾದ ಅಪ್ಪನವರಿಗೆ ನಿಮ್ಮ ಮಗಳು ವಿಜಯಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮ ಪತ್ರ ನಿನ್ನೆ ಕೈಸೇರಿತು.

ಫೋನು ಮಾಡಿದಾಗಲೆಲ್ಲ ಅವ್ವ "ಆರಾಮ ಇದ್ದೀನಿ, ನಿಂದು ಊಟ ಆತೇನು" ಎಂದು ಮಾತು ಮುಗಿಸುತ್ತಿದ್ದಳೇ ಹೊರತು ಕಣ್ಣಿನ ಸುದ್ದಿಯನ್ನು ಒಮ್ಮೆಯೂ ಎತ್ತಲಿಲ್ಲ. ಭತ್ತದ ಧೂಳು ಬಿದ್ದು ಕಣ್ಣು ಕೆಂಪಾಗಿದೆಯೆಂದು ತಿಳಿದು, ಹೋದ ವರ್ಷ ಪೊರೆ ತೆಗೆಸಿದಾಗ ಉಳಿದಿದ್ದ ಹನಿ ಔಷಧವನ್ನೇ ಎಂಟು ದಿನ ಹಾಕಿಕೊಂಡದ್ದು, ನೋವು ತಡೆಯಲಾರದೆ ಬಳ್ಳಾರಿಗೆ ಹೋದಾಗ ಅಲ್ಲಿನ ಕಣ್ಣಿನ ಡಾಕ್ಟರು ಹರ್ಪಿಸ್ ಎಂಬ ವೈರಸ್ಸಿನ ಸೋಂಕು ಎಂದು ಹೇಳಿ ಗುಳಿಗೆ ಬರೆದುಕೊಟ್ಟದ್ದು, ನಾಲ್ಕನೆಯ ದಿನಕ್ಕೆ ಕೆಂಪು ಇಳಿಯಿತೆಂದು ಆಕೆ ಗುಳಿಗೆ ಬಿಟ್ಟುಬಿಟ್ಟದ್ದು, ಇದೆಲ್ಲವೂ ನಿಮ್ಮ ಪತ್ರದಿಂದಲೇ ನನಗೆ ಗೊತ್ತಾಯಿತು. ಅಪ್ಪ, ಉಳಿದದ್ದನ್ನು ಆಮೇಲೆ ಓದಿರಿ. ಮೊದಲು ಆ ಡಾಕ್ಟರಿಗೆ ಫೋನು ಮಾಡಿ, ನಡುವೆ ಗುಳಿಗೆ ತಪ್ಪಿದೆಯೆಂದು ಮುಚ್ಚಿಡದೆ ಹೇಳಿ, ಅವರು ಹೇಳಿದಂತೆ ಇಂದೇ ಮತ್ತೆ ಶುರುಮಾಡಿಸಿರಿ. ಆ ಹಳೆಯ ಹನಿಯ ಸೀಸೆಯನ್ನು ಎಸೆದುಬಿಡಿರಿ. ಆಪರೇಷನ್ ಆದ ಮೇಲೆ ಕೊಡುವ ಹನಿಯಲ್ಲಿ ಸಾಮಾನ್ಯವಾಗಿ ಸ್ಟೆರಾಯ್ಡ್ ಇರುತ್ತದೆ. ಕಣ್ಣಿನ ಮೇಲ್ಪದರದಲ್ಲಿ ಈ ವೈರಸ್ಸು ಬೆಳೆಯುತ್ತಿರುವಾಗ ಅದನ್ನು ಹಾಕಿದರೆ ಹುಣ್ಣು ಇನ್ನಷ್ಟು ಹರಡುತ್ತದೆ.

ಕೆಂಪು ಇಳಿದ ಮೇಲೂ ಗುಳಿಗೆ ಏತಕ್ಕೆ ಎಂದು ಕೇಳಿದ್ದೀರಿ. ನಾನು ಇಲ್ಲಿ ಮೂರು ವರ್ಷಗಳಿಂದ ಮಾಡುತ್ತಿರುವ ಕೆಲಸವೇ ಇದಕ್ಕೆ ಉತ್ತರವಾಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿಮಗೆ ಬೇಸರವಾಗಲಾರದು.

ಡಾಕ್ಟರು ಅವ್ವನ ಕಣ್ಣಿಗೆ ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟು ನೋಡಿ, ಮರದ ಕೊಂಬೆಯಂತೆ ಹಸಿರು ಗೆರೆ ಇದೆಯೆಂದು ಹೇಳಿದರೆಂದು ಬರೆದಿದ್ದೀರಿ. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು, ಏಕೆಂದರೆ ನಾನೂ ಕತ್ತಲೆ ಕೋಣೆಯಲ್ಲಿ ಕುಳಿತು ನೀಲಿ ಬೆಳಕಿನಲ್ಲಿ ಹಸಿರನ್ನೇ ನೋಡುತ್ತಿರುತ್ತೇನೆ. ಅವ್ವನ ಕಣ್ಣಿನಲ್ಲಿ ಹಸಿರಾಗಿ ಕಂಡದ್ದು ಮೇಲ್ಪದರ ಸವೆದ ಜಾಗಕ್ಕೆ ಹಿಡಿದ ಬಣ್ಣ. ನನ್ನ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಇದೇ ವೈರಸ್ಸಿನ ಪ್ರೋಟೀನು. ಜೆಲ್ಲಿ ಮೀನಿನಲ್ಲಿ ಸಿಕ್ಕ ಒಂದು ಹೊಳೆಯುವ ಪ್ರೋಟೀನನ್ನು ಅದಕ್ಕೆ ಜೋಡಿಸಿ, ಜೀವಕೋಶದೊಳಗೆ ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಗಂಟೆಗಟ್ಟಲೆ ಹಿಂಬಾಲಿಸುತ್ತೇವೆ. ಆ ಹೊಳೆಯುವ ಪ್ರೋಟೀನಿನ ಕೆಲಸಕ್ಕೆ 2008ರಲ್ಲಿ ನೊಬೆಲ್ ಬಂದಿತು.

ವೈರಸ್ಸು ಜೀವಕೋಶವನ್ನು ಹೊಕ್ಕ ಮೇಲೆ, ಡಿಎನ್‌ಎಯನ್ನು ಒಳಗಿಟ್ಟುಕೊಂಡ ಅದರ ಚಿಪ್ಪು ತಾನಾಗಿ ನಡೆಯಲಾರದು. ಕೋಶದೊಳಗೆ ಸಾಮಾನು ಸಾಗಿಸಲೆಂದೇ ಇರುವ ನಾಳಿಕೆಗಳ ಮೇಲೆ, ಡೈನೀನ್ ಎಂಬ ನಮ್ಮದೇ ಪ್ರೋಟೀನು ಅದನ್ನು ಹೊತ್ತು ಕೋಶಕೇಂದ್ರದ ಬಾಗಿಲಿಗೆ ಮುಟ್ಟಿಸುತ್ತದೆ. 8,000 ಚಿಪ್ಪುಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಇಷ್ಟು ಸಣ್ಣದಾದರೂ ಅದು ಆ ಬಾಗಿಲಿನಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಚಿಪ್ಪು ಹೊರಗೇ ನಿಂತು ಡಿಎನ್‌ಎಯನ್ನು ಮಾತ್ರ ಒಳಗೆ ಬಿಡುತ್ತದೆ. ನಾನು ಹೆಚ್ಚು ಹೊತ್ತು ನೋಡುವುದು ವೈರಸ್ಸಿನ ಐಸಿಪಿ0 ಎಂಬ ಪ್ರೋಟೀನನ್ನು. ಕೋಶಕೇಂದ್ರದೊಳಗೆ ವೈರಸ್ಸನ್ನು ತಡೆಯುವ ಪ್ರೋಟೀನುಗಳು ಚುಕ್ಕೆ ಚುಕ್ಕೆಯಾಗಿ ಗುಂಪುಗೂಡಿರುತ್ತವೆ. ಐಸಿಪಿ0 ಮೊದಲ ಗಂಟೆಗಳಲ್ಲೇ ನೇರವಾಗಿ ಆ ಚುಕ್ಕೆಗಳ ಬಳಿಗೆ ಹೋಗಿ, ಅವುಗಳನ್ನು ಕೋಶವೇ ಕರಗಿಸಿಬಿಡುವಂತೆ ಗುರುತು ಹಚ್ಚುತ್ತದೆ. ಕಣ್ಣೆದುರಿಗೇ ಚುಕ್ಕೆಗಳು ಒಂದೊಂದಾಗಿ ಇಲ್ಲವಾಗುತ್ತವೆ. ಆಮೇಲೆ ಅದು ಕೋಶಕೇಂದ್ರವನ್ನು ಬಿಟ್ಟು ಹೊರಗಿನ ಕೋಶರಸಕ್ಕೆ ಬರುತ್ತದೆ. ಮೊದಲ ಸಲ ಇದನ್ನು ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ.

ಹೊಸ ವೈರಸ್ಸುಗಳಿಗೆ ಚಿಪ್ಪು ಕಟ್ಟುವ ರೀತಿ ಇನ್ನೂ ವಿಚಿತ್ರವಾದದ್ದು. ಒಂದು ಚಿಪ್ಪಿಗೆ ವಿಪಿ5 ಎಂಬ ಪ್ರೋಟೀನಿನ 955 ಪ್ರತಿಗಳು ಬೇಕು. ಅದು ತಯಾರಾಗುವುದು ಕೋಶರಸದಲ್ಲಿ, ಬೇಕಾಗಿರುವುದು ಕೋಶಕೇಂದ್ರದಲ್ಲಿ. ಆದರೆ ಒಳಗೆ ಬಿಡಿಸಿಕೊಳ್ಳುವ ಚೀಟಿ ಅದರ ಬಳಿ ಇಲ್ಲ. ಹಾಗಾಗಿ ಚೀಟಿಯಿರುವ ಇನ್ನೊಂದು ಪ್ರೋಟೀನಿನ ಜೊತೆ ಸೇರಿ, ಆಮಂತ್ರಣವಿದ್ದ ನಂಟರ ಕೈ ಹಿಡಿದು ಮದುವೆಗೆ ಹೋದಂತೆ, ಒಳಗೆ ಹೋಗುತ್ತದೆ. ಕಟ್ಟಿ ಮುಗಿದ ಚಿಪ್ಪು ಬಾಗಿಲಿನಿಂದ ಹೊರಬರಲಾರದೆ ಇರುವಾಗ ಯುಎಲ್31 ಮತ್ತು ಯುಎಲ್34 ಎಂಬ ಎರಡು ಪ್ರೋಟೀನುಗಳು ಕೋಶಕೇಂದ್ರದ ಒಳಪೊರೆಗೆ ಬಂದು ಕೂತು, ಪೊರೆಯನ್ನೇ ಸುತ್ತಿ ಅದನ್ನು ಹೊರಗೆ ದಾಟಿಸುತ್ತವೆ. ಈ ವೈರಸ್ಸಿನ ಡಿಎನ್‌ಎಯ ಸುಮಾರು 1,52,000 ಅಕ್ಷರಗಳನ್ನು ಪೂರ್ತಿಯಾಗಿ ಓದಿ 1988ರಲ್ಲಿ ಪ್ರಕಟಿಸಿದವರು ನಾನಿರುವ ಈ ಊರಿನ ವಿಜ್ಞಾನಿಗಳೇ. ಗಂಗಾವತಿಯ ಹುಡುಗಿ ಅಷ್ಟು ದೂರ ಹೋಗಿ ಮಾಡುವುದೇನೆಂದು ಕೇಳುವವರಿಗೆ ದಯವಿಟ್ಟು ಇದನ್ನು ಹೇಳಿರಿ.

ಈಗ ಗುಳಿಗೆಯ ವಿಷಯ. ಅವ್ವನಿಗೆ ಕೊಟ್ಟಿರುವ ಅಸೈಕ್ಲೋವಿರ್ ವೈರಸ್ಸಿನದೇ ಒಂದು ಕಿಣ್ವದಿಂದ ಚುರುಕುಗೊಂಡು, ಡಿಎನ್‌ಎ ನಕಲಾಗುವುದನ್ನು ನಿಲ್ಲಿಸುತ್ತದೆ; ಸೋಂಕಿಲ್ಲದ ಕೋಶಗಳಲ್ಲಿ ಅದು ಬಹುಮಟ್ಟಿಗೆ ಸುಮ್ಮನಿರುತ್ತದೆ. ಅದನ್ನು ರೂಪಿಸಿದ ಕೆಲಸದಲ್ಲಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ ಅದೇ 1988ರಲ್ಲಿ ನೊಬೆಲ್ ದೊರೆಯಿತು. ಹಳೆಯ, ನಂಬಿಕೆಯ ಔಷಧ. ಆದರೆ ಮೇಲಿನ ಕೆಂಪು ಇಳಿದ ಮಾತ್ರಕ್ಕೆ ಒಳಗಿನ ಕೋಶಗಳಲ್ಲಿ ನಕಲು ನಿಂತಿದೆಯೆಂದು ಹೇಳಲಾಗದು. ಅರ್ಧಕ್ಕೆ ಬಿಟ್ಟರೆ ಕಣ್ಣಿನ ಪಾರದರ್ಶಕ ಪದರದಲ್ಲಿ ಕಲೆ ಉಳಿದು ದೃಷ್ಟಿ ಮಂಜಾಗಬಹುದು. ನನ್ನ ಹೆದರಿಕೆ ಇದೊಂದೇ. ವೈರಸ್ಸು ಕಣ್ಣಿನ ನರದ ತುದಿಯಿಂದ, ಅದೇ ಡೈನೀನಿನ ಹೆಗಲೇರಿ, ತಲೆಬುರುಡೆಯೊಳಗಿನ ನರಗ್ರಂಥಿಯವರೆಗೆ ಹೋಗಿ ಅಲ್ಲಿ ಮಲಗಿಬಿಡುತ್ತದೆ. ಅದನ್ನು ಚುರುಕುಗೊಳಿಸುವ ವಿಪಿ16 ಎಂಬ ಪ್ರೋಟೀನು ಅಷ್ಟು ಉದ್ದದ ದಾರಿಯಲ್ಲಿ ನರಕೋಶದ ಕೇಂದ್ರಕ್ಕೆ ಸಾಕಷ್ಟು ಮುಟ್ಟುವುದಿಲ್ಲವೆಂಬುದು ಹೀಗೆ ಮಲಗುವುದಕ್ಕೆ ಕೊಡುವ ಒಂದು ಕಾರಣ. ಮಲಗಿದ ವೈರಸ್ಸನ್ನು ಗುಳಿಗೆ ತೆಗೆಯಲಾರದು. ಜ್ವರ, ಬಿಸಿಲು, ಆಯಾಸಗಳಿಂದ ಅದು ಮತ್ತೆ ಎದ್ದು ಬರಬಹುದಾದ್ದರಿಂದ, ಕಣ್ಣು ಸ್ವಲ್ಪ ಕೆಂಪಾದರೂ, ಬೆಳಕು ಚುಚ್ಚಿದರೂ, ತಡಮಾಡದೆ ಬಳ್ಳಾರಿಗೆ ಕರೆದುಕೊಂಡು ಹೋಗಿರಿ. ಬಾಡಿಗೆ ಎಷ್ಟೆಂದು ಯೋಚಿಸಬೇಡಿ, ಕಾರು ಮಾಡಿಕೊಂಡೇ ಹೋಗಿರಿ. ದುಡ್ಡು ಮಲ್ಲುವಿನ ಖಾತೆಗೆ ಹಾಕಿದ್ದೇನೆ.

ಶಾಂತತ್ತೆಯವರು ಇದನ್ನು ಕೆಟ್ಟ ರೋಗವೆಂದದ್ದಕ್ಕೇ ಅವ್ವ ನಾಚಿಕೊಂಡು ಗುಳಿಗೆ ಬಚ್ಚಿಟ್ಟಿದ್ದಾಳೆಂದು ನನಗನಿಸುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನ ಮೂವರಲ್ಲಿ ಇಬ್ಬರ ಮೈಯಲ್ಲಿ ಈ ವೈರಸ್ಸು ಇದೆಯೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ದೊಡ್ಡವರ ಮುದ್ದಿನಿಂದ ಬಂದಿರುತ್ತದೆ. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಏಳುವುದು ಇದರಿಂದಲೇ. ಅತ್ತೆಯವರಿಗೂ ಎದ್ದದ್ದು ನನಗೆ ನೆನಪಿದೆ. ಇದು ಸರ್ಪಸುತ್ತೂ ಅಲ್ಲ. ಅದರ ವೈರಸ್ಸು ಇದೇ ಕುಲದ ಬೇರೆಯದು. ಯಾರು ಹೇಳಿದರೂ ಕಣ್ಣಿನ ಸುತ್ತ ಕೆಮ್ಮಣ್ಣು ಹಚ್ಚಿಸಬೇಡಿ. ಸುಮಾಳ ಕೂಸಿನ ವಿಷಯದಲ್ಲಿ ಮಾತ್ರ ಎಚ್ಚರವಿರಲಿ: ಕಣ್ಣು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಎತ್ತಿಕೊಳ್ಳಬಾರದು, ತುಟಿಯಲ್ಲಿ ಗುಳ್ಳೆಯಿದ್ದವರು ಯಾರೂ ಮುತ್ತಿಡಬಾರದು. ಎಳೆಗೂಸಿಗೆ ಇದು ನಿಜವಾಗಿಯೂ ಅಪಾಯಕಾರಿ.

ನನಗೆ ಅಂಟೀತೆಂದು ಚಿಂತಿಸಬೇಡಿ. ಕೈಗವಸು, ಕೋಟು ಹಾಕಿಕೊಂಡು, ಗಾಳಿ ಶೋಧಿಸುವ ಗಾಜಿನ ಪೆಟ್ಟಿಗೆಯೊಳಗೆ ಕೈಯಿಟ್ಟು ಕೆಲಸ ಮಾಡುತ್ತೇವೆ. ಊಟ ಚೆನ್ನಾಗಿದೆ, ಕೋಣೆ ಬೆಚ್ಚಗಿದೆ, ನಿದ್ದೆ ಬರುತ್ತದೆ. ನಾಲ್ಕು ಗಂಟೆಯೊಳಗೆ ಇಲ್ಲಿ ಸೂರ್ಯ ಮುಳುಗುತ್ತಾನೆ, ಮಳೆಯಲ್ಲಿ ಜನ ಕೊಡೆಯಿಲ್ಲದೆ ನಡೆಯುತ್ತಾರೆ ಎಂದರೆ ಅವ್ವ ನಂಬುವುದಿಲ್ಲ. ಸೂಕ್ಷ್ಮದರ್ಶಕದ ಕೋಣೆಯಲ್ಲಿ ಹೇಗೂ ಕತ್ತಲೆಯೇ ಇರುವುದರಿಂದ ನನಗೆ ಅಭ್ಯಾಸವಾಗಿದೆ. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಅವ್ವನನ್ನು ಕರೆದೊಯ್ಯುವುದಾದರೆ ಡಾಕ್ಟರನ್ನು ಕೇಳಿಯೇ ಹೋಗಿರಿ. ಬಿಸಿಲಿಗೆ ಕಪ್ಪು ಕನ್ನಡಕ ಇರಲಿ.

ಅಂಚೆಗೆ ತಡವಾಗುವುದರಿಂದ ಈ ಹಾಳೆಗಳ ಫೋಟೋ ತೆಗೆದು ಮಲ್ಲುವಿನ ಫೋನಿಗೆ ಕಳಿಸುತ್ತಿದ್ದೇನೆ. ಅವ್ವನ ಎದುರಿಗೇ ಗಟ್ಟಿಯಾಗಿ ಓದಿಸಿರಿ. ಬೆಳಿಗ್ಗೆ ಸೋಂಕು ಹಾಕಿಟ್ಟ ಕೋಶಗಳಿಗೆ ಎಂಟನೆಯ ಗಂಟೆ ತುಂಬುತ್ತಿದೆ, ಐಸಿಪಿ0 ಹೊರಗೆ ಬಂದಿದೆಯೋ ಎಂದು ಈಗಲೇ ಹೋಗಿ ನೋಡಬೇಕು. ಅವ್ವ ಇವತ್ತಿನ ಗುಳಿಗೆ ನುಂಗಿದಳೆಂದು ಒಂದು ಸಾಲು ಬರೆದು ಕಳಿಸಿರಿ.

ಇತಿ ನಿಮ್ಮ ಮಗಳು,
ವಿಜಯಾ