2007ರ ಪಾಕಿಸ್ತಾನದ ಬಗ್ಗೆ ಬರೆಯುತ್ತಿರುವ ಮಗಳಿಗೆ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ಪತ್ರಿಕೋದ್ಯಮದ ತರಗತಿಗೆಂದು ನೀನು ಬರೆದಿರುವ ಪ್ರಬಂಧದ ಕರಡನ್ನು ಓದಿದೆ. ಭಾಷೆ ಹದವಾಗಿದೆ. ಆದರೆ ಪಾಕಿಸ್ತಾನದ ಆ ವರ್ಷವನ್ನು ನೀನು ಬರೀ ಬಾಂಬುಗಳ ವರ್ಷವೆಂದು ಕಂಡಿದ್ದೀಯೆ. ಇಸ್ಲಾಮಾಬಾದಿನಲ್ಲಿ ಉಗ್ರರು ಬೀಡುಬಿಟ್ಟಿದ್ದ ಲಾಲ್ ಮಸೀದಿಯಿಂದ ಹಿಡಿದು ಮಾಜಿ ಪ್ರಧಾನಿ ಬೆನಜೀರ್ ಭುಟ್ಟೊ ಹತ್ಯೆಯವರೆಗೆ ಸಾವುಗಳ ಲೆಕ್ಕ ಸಾಲಾಗಿ ಬಂದಿದೆ, ಮುಖ್ಯ ನ್ಯಾಯಮೂರ್ತಿಯ ಪರವಾಗಿ ಕರಿಕೋಟು ತೊಟ್ಟು ಬೀದಿಗಿಳಿದ ವಕೀಲರಿಗೆ ಮಾತ್ರ ಒಂದೇ ಒಂದು ವಾಕ್ಯ ದಕ್ಕಿದೆ. ಅಂದು ಸುದ್ದಿಮನೆಯಲ್ಲಿ ವಿದೇಶ ಪುಟ ಕಟ್ಟುತ್ತಿದ್ದವನಾಗಿ ಹೇಳುತ್ತೇನೆ, ನೀನು ಅವರಿಂದಲೇ ಆರಂಭಿಸಬೇಕು.

ಮಾರ್ಚ್ 9ರಂದು ಸೇನಾ ಮುಖ್ಯಸ್ಥರೂ ಆಗಿದ್ದ ಅಧ್ಯಕ್ಷ ಜನರಲ್ ಪರ್ವೇಜ್ ಮುಷರಫ್ ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಅವರನ್ನು ಕರೆಸಿ ರಾಜೀನಾಮೆ ಕೇಳಿದರು, ಅವರು ಒಪ್ಪದಿದ್ದಾಗ ಅಮಾನತು ಮಾಡಿದರು. ಸರ್ಕಾರಿ ಉಕ್ಕಿನ ಕಾರ್ಖಾನೆಯ ಮಾರಾಟವನ್ನು ಹಿಂದಿನ ವರ್ಷ ರದ್ದುಪಡಿಸಿದ್ದ, ನಾಪತ್ತೆಯಾದವರು ಎಲ್ಲಿದ್ದಾರೆಂದು ಗುಪ್ತಚರ ಸಂಸ್ಥೆಗಳನ್ನು ಕೇಳುತ್ತಿದ್ದ ನ್ಯಾಯಾಧೀಶರವರು. ನಾಲ್ಕು ದಿನಗಳ ಬಳಿಕ, ವಿಚಾರಣೆಗೆ ನಡೆದೇ ಹೋಗುತ್ತೇನೆಂದು ಹೊರಟ ಅವರ ತಲೆಗೂದಲಿಗೆ ಪೊಲೀಸನೊಬ್ಬ ಕೈಹಾಕಿದ ಚಿತ್ರ ದೇಶವನ್ನೇ ಕೆರಳಿಸಿತು. ಮೇ ತಿಂಗಳಲ್ಲಿ ಅವರು ಇಸ್ಲಾಮಾಬಾದಿನಿಂದ ಲಾಹೋರಿಗೆ ಕಾರಿನಲ್ಲಿ ಹೊರಟಾಗ, ನಾಲ್ಕೈದು ತಾಸಿನ ಆ ದಾರಿ ಸವೆಯಲು ಇಡೀ ಒಂದು ಹಗಲು, ಒಂದು ರಾತ್ರಿ ಹಿಡಿಯಿತು. ಅಷ್ಟು ಜನ ದಾರಿಯುದ್ದಕ್ಕೂ ಕಾದು ನಿಂತಿದ್ದರು.

ಮೇ 12ರ ಕರಾಚಿಯ ಸಾವುಗಳನ್ನು ನೀನು ಉಗ್ರರ ಖಾತೆಗೆ ಬರೆದಿರುವುದು ತಪ್ಪು. ಚೌಧರಿಯವರು ವಿಮಾನ ನಿಲ್ದಾಣದಿಂದ ಹೊರಬರಲಾಗದಂತೆ ಅಂದು ರಸ್ತೆಗಳಿಗೆ ಲಾರಿ, ಕಂಟೇನರುಗಳನ್ನು ಅಡ್ಡ ನಿಲ್ಲಿಸಲಾಗಿತ್ತು, ಬೀದಿಗಳಲ್ಲಿ ಗುಂಡು ಹಾರಿಸಿಕೊಂಡವರು ಎದುರಾಳಿ ರಾಜಕೀಯ ಪಕ್ಷಗಳ ಕಡೆಯವರು, ಸತ್ತವರು 40ಕ್ಕೂ ಹೆಚ್ಚು. ಹಿಂಸೆ ಎಂದ ಮಾತ್ರಕ್ಕೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡ.

ಲಾಲ್ ಮಸೀದಿಯ ಭಾಗವನ್ನು ಚೆನ್ನಾಗಿಯೇ ಬರೆದಿದ್ದೀಯೆ. ಜುಲೈನ ಆ ಸೇನಾ ಕಾರ್ಯಾಚರಣೆಯ ಬೆನ್ನಿಗೇ ಅಫ್ಘನ್ ಗಡಿಯ ಉತ್ತರ ವಜೀರಿಸ್ತಾನದಲ್ಲಿ ಉಗ್ರರೊಡನೆ ಸರ್ಕಾರ ಮಾಡಿಕೊಂಡಿದ್ದ ಒಪ್ಪಂದ ಮುರಿದುಬಿದ್ದು ಆತ್ಮಾಹುತಿ ದಾಳಿಗಳು ಹೆಚ್ಚಿದ್ದನ್ನೂ, ಸ್ವಾತ್ ಕಣಿವೆಯಲ್ಲಿ ಉಗ್ರರ ನಾಯಕ ಮೌಲಾನಾ ಫಜಲುಲ್ಲಾ ಎಫ್‌ಎಂ ರೇಡಿಯೊದಿಂದಲೇ ಜನರನ್ನು ಸೆಳೆದದ್ದನ್ನೂ ಸೇರಿಸಿದರೆ ಸಾಕು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ನವೆಂಬರ್ 3ರ ತುರ್ತುಪರಿಸ್ಥಿತಿಯ ಬಳಿ. ಘೋಷಣೆಯಲ್ಲಿ ಮುಷರಫ್ ಉಗ್ರರ ದಾಳಿಗಳನ್ನು ಕಾರಣವಾಗಿ ಕೊಟ್ಟರು, ನ್ಯಾಯಾಧೀಶರು ಸರ್ಕಾರದ ಕೈಕಟ್ಟುತ್ತಿದ್ದಾರೆಂದೂ ದೂರಿದರು. ಆಮೇಲೆ ಬಂಧನವಾದದ್ದು ಯಾರದು, ನೋಡು: ಸಾವಿರಾರು ವಕೀಲರು ಮತ್ತು ಕಾರ್ಯಕರ್ತರು, ಅವರಲ್ಲಿ ಚೌಧರಿಯವರ ವಕೀಲ ಐತ್ಜಾಜ್ ಎಹ್ಸಾನ್ ಜೈಲಿಗೆ, ಮಾನವ ಹಕ್ಕುಗಳ ಆಸ್ಮಾ ಜಹಾಂಗೀರ್ ಗೃಹಬಂಧನಕ್ಕೆ. ಖಾಸಗಿ ಸುದ್ದಿವಾಹಿನಿಗಳು ಕೇಬಲ್‌ನಿಂದ ಮಾಯವಾದವು. ಅದೇ ದಿನಗಳಲ್ಲಿ ದಕ್ಷಿಣ ವಜೀರಿಸ್ತಾನದಲ್ಲಿ ತಾಲಿಬಾನ್ ನಾಯಕ ಬೈತುಲ್ಲಾ ಮೆಹಸೂದ್‌ನ ಕೈಗೆ ಸಿಕ್ಕಿದ್ದ 200ಕ್ಕೂ ಹೆಚ್ಚು ಸೈನಿಕರ ಬಿಡುಗಡೆಗಾಗಿ ಸರ್ಕಾರವೇ 25 ಮಂದಿ ಉಗ್ರರನ್ನು ಬಿಟ್ಟುಕೊಟ್ಟಿತು. ಸೈನಿಕರ ಜೀವ ಉಳಿಸಿದ್ದನ್ನು ನಾನು ಹಳಿಯುವುದಿಲ್ಲ. ಆದರೆ ಈ ಎರಡು ಸಂಗತಿಗಳನ್ನು ಒಂದೇ ಪ್ಯಾರಾದಲ್ಲಿ ಇಟ್ಟರೆ ನಿನ್ನ ಓದುಗನಿಗೆ ಬೇರೆ ವ್ಯಾಖ್ಯಾನ ಬೇಕಾಗದು.

ಡಿಸೆಂಬರ್ 27ರ ಹತ್ಯೆಯ ಬಗ್ಗೆ ಬರೆಯುವಾಗ 'ಕೊಂದವರು ಇಂಥವರೇ' ಎಂದು ಷರಾ ಬರೆಯುವ ಗೋಜಿಗೆ ಹೋಗಬೇಡ. ಸರ್ಕಾರ ಮೆಹಸೂದ್‌ನತ್ತ ಬೆರಳು ತೋರಿಸಿತು, ಅವನ ಕಡೆಯವರು ಅಲ್ಲಗಳೆದರು. ರಾವಲ್ಪಿಂಡಿಯ ಲಿಯಾಖತ್ ಬಾಗ್ ಬಳಿಯ ಆ ಜಾಗವನ್ನು ಎರಡು ತಾಸು ಕಳೆಯುವ ಮೊದಲೇ ನೀರು ಹಾಯಿಸಿ ತೊಳೆದದ್ದನ್ನು ವಿಶ್ವಸಂಸ್ಥೆಯ ಆಯೋಗ 2010ರಲ್ಲಿ ಕಟುವಾಗಿ ಟೀಕಿಸಿತು. ಅಷ್ಟನ್ನು ಬರೆದು ನಿಲ್ಲಿಸು.

ಕಡೆಯದಾಗಿ, ಪ್ರಬಂಧವನ್ನು ಆ ಹತ್ಯೆಯೊಂದಿಗೆ ಮುಗಿಸಬೇಡ. ಮುಂದೂಡಿದ ಚುನಾವಣೆ 2008ರ ಫೆಬ್ರವರಿ 18ರಂದು ನಡೆಯಿತು, ಮುಷರಫ್ ಬೆಂಬಲಿಗ ಪಕ್ಷ ಸೋತಿತು. ಉಗ್ರರ ಹಾವಳಿ ಹೆಚ್ಚಿದ್ದ ವಾಯವ್ಯ ಗಡಿ ಪ್ರಾಂತ್ಯದಲ್ಲೇ ಮತದಾರರು ಧಾರ್ಮಿಕ ಪಕ್ಷಗಳ ಕೂಟವನ್ನು ಕೆಳಗಿಳಿಸಿ ಜಾತ್ಯತೀತ ಅವಾಮಿ ನ್ಯಾಷನಲ್ ಪಾರ್ಟಿಗೆ ಒಲಿದರು. ಆಗಸ್ಟ್‌ನಲ್ಲಿ ಮುಷರಫ್ ರಾಜೀನಾಮೆ ಕೊಟ್ಟರು, ತುರ್ತುಪರಿಸ್ಥಿತಿಯಲ್ಲಿ ಮತ್ತೆ ಪದಚ್ಯುತರಾಗಿದ್ದ ಚೌಧರಿ 2009ರ ಮಾರ್ಚ್‌ನಲ್ಲಿ ತಮ್ಮ ಪೀಠಕ್ಕೆ ಮರಳಿದರು. ಇಷ್ಟಕ್ಕೆ ಒಂದು ಪ್ಯಾರಾ ಸಾಕು.

ಮೇ 12ರ ಭಾಗವನ್ನು ಮೊದಲು ತಿದ್ದಿ, ಹೊಸ ಕರಡನ್ನು ಮೇಷ್ಟ್ರಿಗೆ ಕೊಡುವ ಮುನ್ನ ನನಗೆ ಕಳುಹಿಸು.

ಇಂತಿ ನಿನ್ನ,
ದೊಡ್ಡಪ್ಪ